ಊಟದ ಬಿಡುವಿನ ಪ್ರಾರ್ಥನಾ ಕೂಟ: ಮುಂದಾಳು ಹೇಗಿರಬೇಕು?

ನಮ್ಮ ಹಿಂದೂಪುರದ ಸುತ್ತಲಿನ ಕಾರ್ಖಾನೆಗಳಲ್ಲಿ ಮಧ್ಯಾಹ್ನದ ಗಂಟೆ ಬಾರಿಸಿದೊಡನೆ ದುಡಿಯುವ ಜನರು ಬುತ್ತಿಯ ಡಬ್ಬಿಗಳನ್ನು ಹಿಡಿದು ನೆರಳಿಗೆ ಸರಿಯುತ್ತಾರೆ. ಮಡಕಶಿರಾ ಕಡೆಯ ಹಳ್ಳಿಗಳಿಂದ ಬಂದ ಕನ್ನಡದವರು, ಪೆನುಕೊಂಡೆಯ ಕಡೆಯ ತೆಲುಗಿನವರು, ಪೇಟೆಯ ಉರ್ದು ಮಾತಿನವರು ಅಲ್ಲಿ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಅವರಲ್ಲಿ ಹತ್ತು ಹದಿನೈದು ಮಂದಿ ಕ್ರೈಸ್ತ ವಿಶ್ವಾಸಿಗಳು ಊಟವನ್ನು ಬೇಗನೆ ಮುಗಿಸಿ ಹತ್ತು ನಿಮಿಷ ಪ್ರಾರ್ಥನೆಗೆ ಕೂಡುವುದು ಹಲವು ಕಡೆಗಳಲ್ಲಿ ಕಾಣಬರುತ್ತದೆ. ಆಸ್ಪತ್ರೆಯ ದಾದಿಯರಲ್ಲಿಯೂ ಶಾಲೆಯ ಶಿಕ್ಷಕರಲ್ಲಿಯೂ ಇಂಥ ಕೂಟಗಳುಂಟು. ಒಬ್ಬರು ವಚನ ಓದುತ್ತಾರೆ, ಒಬ್ಬರು ಹಾಡುತ್ತಾರೆ, ಯಾರದೋ ಮಗುವಿನ ಜ್ವರಕ್ಕಾಗಿ, ಯಾರದೋ ಗಂಡನ ಕುಡಿತ ಬಿಡಲೆಂದು ಎಲ್ಲರೂ ಬೇಡಿಕೊಳ್ಳುತ್ತಾರೆ.

ಇಂಥ ಕೂಟಕ್ಕೆ ಸಭಾಪಾಲಕರಿಲ್ಲ, ಕಟ್ಟಡವಿಲ್ಲ, ಬರೆದಿಟ್ಟ ನಿಯಮಾವಳಿಯೂ ಇಲ್ಲ. ಆದುದರಿಂದ ಅದನ್ನು ನಡೆಸುವವರ ನಡತೆಯೇ ಅದರ ನಿಯಮಾವಳಿ. ಮುಂದಾಳು ಸರಿಯಾಗಿದ್ದರೆ ಆ ಹತ್ತು ನಿಮಿಷ ದುಡಿಯುವವರ ಪಾಲಿಗೆ ದೊಡ್ಡ ಆಸರೆ. ಸರಿಯಿಲ್ಲದಿದ್ದರೆ ಮನಸ್ತಾಪದ ಬೀಡು. ಈ ಎರಡನೆಯದನ್ನು ಒಂದು ಪ್ರಸಂಗದಲ್ಲಿ ನಾನು ನನ್ನ ಕಚೇರಿಯಲ್ಲೇ ಕಂಡೆನಾದುದರಿಂದ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಒಂದು ನೋಟೀಸಿನ ಪ್ರಸಂಗ

ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯ ಸೂಪರ್‌ವೈಸರ್ ಒಬ್ಬರು ನನ್ನಲ್ಲಿಗೆ ಬಂದರು. ಕಾರ್ಖಾನೆಯ ಪ್ರಾರ್ಥನಾ ಕೂಟವನ್ನು ಆರು ವರ್ಷಗಳಿಂದ ನಡೆಸುತ್ತಿದ್ದವರು ಅವರೇ. ಕೂಟದ ಮೂವರು ಹೆಂಗಸರು ತಮ್ಮ ಮೇಲೆ ಹಣದ ಅಪವಾದ ಹೊರಿಸುತ್ತಿದ್ದಾರೆ, ಮಾನನಷ್ಟದ ನೋಟೀಸು ಕಳುಹಿಸಬೇಕು ಎಂಬುದು ಅವರ ಕೋರಿಕೆ. "ಸಾರ್, ಒಂದು ಪೈಸೆಯನ್ನೂ ನಾನು ಮುಟ್ಟಿಲ್ಲ" ಎಂದು ಅವರು ಕಣ್ಣು ತುಂಬಿಕೊಂಡು ಹೇಳಿದರು. ಅದನ್ನು ನಾನು ನಂಬಿದೆ; ಈಗಲೂ ನಂಬುತ್ತೇನೆ.

ಕೂಟದವರು ತಿಂಗಳಿಗಿಷ್ಟೆಂದು ಹಣ ಕೂಡಿಸಿ, ಕಾಯಿಲೆ ಕಸಾಲೆಗಳಿಗೆ ಒಬ್ಬರಿಗೊಬ್ಬರು ನೆರವಾಗುತ್ತಿದ್ದರು. ಲೆಕ್ಕದ ಪುಸ್ತಕ ತನ್ನಿರೆಂದೆ. ಮಾರನೆಯ ದಿನ ತಂದದ್ದು ಒಂದು ಸಣ್ಣ ಡೈರಿ. ಎಲ್ಲವೂ ಅವರೊಬ್ಬರದೇ ಅಕ್ಷರ. ಕೊಟ್ಟವರ ಹೆಸರಿತ್ತು, ಪಡೆದವರ ಸಹಿಯಿರಲಿಲ್ಲ. ಬಳಿಕ ಆ ಹೆಂಗಸರನ್ನೂ ಮಾತಿಗೆ ಕರೆಸಿದೆ. ಅವರು ಕನ್ನಡದವರು, ಕೂಟ ನಡೆಯುತ್ತಿದ್ದುದು ಪೂರ್ತಿ ತೆಲುಗಿನಲ್ಲಿ. ಅವರಲ್ಲೊಬ್ಬಾಕೆಯ ಗಂಡನಿಗೆ ಶಸ್ತ್ರಚಿಕಿತ್ಸೆಯಾದಾಗ ಎರಡು ಸಲ ನೆರವು ಕೇಳಿದ್ದರಂತೆ, ದೊರೆಯಲಿಲ್ಲವಂತೆ. "ಅವರು ಕದ್ದರು ಅಂತ ನಾವು ಹೇಳಲಿಲ್ಲ ಸಾರ್. ನಾವು ಕೇಳಿದ್ದು ಅವರಿಗೆ ಕೇಳಿಸಲಿಲ್ಲ ಅಂದೆವು. ಅದಾದ ಮೇಲೆ ನಮಗೆ ಓವರ್‌ಟೈಮೂ ಸಿಗಲಿಲ್ಲ" ಎಂದು ಆಕೆ ಹೇಳಿದರು.

ಓವರ್‌ಟೈಮ್ ಪಟ್ಟಿ ಬರೆಯುತ್ತಿದ್ದವರೂ ಅದೇ ಸೂಪರ್‌ವೈಸರ್. ಬೇಕೆಂದೇ ಹೆಸರು ಬಿಟ್ಟರೋ ಅಥವಾ ಅದು ಆಕಸ್ಮಿಕವೋ ನಾನು ನಿರ್ಣಯಿಸಲಾರೆ. ಆದರೆ ಆ ಸಂಶಯಕ್ಕೆ ಎಡೆಯಿದ್ದುದೇ ದೋಷ. ಪ್ರಾರ್ಥನೆ ನಡೆಸುವ ಕೈ, ಹಣ ಹಿಡಿಯುವ ಕೈ, ದುಡಿಮೆ ಹಂಚುವ ಕೈ ಮೂರೂ ಒಂದೇ ಆಗಿದ್ದವು.

ಆದಿಸಭೆಯ ಗೊಣಗಾಟ

ಆ ದಿನ ಅವರಿಗೆ ನಾನು ಕಾನೂನಿನ ಪುಸ್ತಕವನ್ನು ತೆರೆದು ತೋರಿಸಲಿಲ್ಲ. ನಾನೂ ಅದೇ ವಿಶ್ವಾಸದಲ್ಲಿ ಬೆಳೆದವನಾದುದರಿಂದ ಅಪೊಸ್ತಲರ ಕೃತ್ಯಗಳು ಎಂಬ ಗ್ರಂಥದ ಆರನೆಯ ಅಧ್ಯಾಯವನ್ನು ತೆರೆದೆ. ಕ್ರೈಸ್ತರಲ್ಲದ ವಾಚಕರಿಗಾಗಿ ಆ ವೃತ್ತಾಂತವನ್ನು ಸಂಗ್ರಹವಾಗಿ ಹೇಳುತ್ತೇನೆ.

ಯೆರೂಸಲೇಮಿನಲ್ಲಿ ಯೇಸುವಿನ ಶಿಷ್ಯರ ಸಂಖ್ಯೆ ಹೆಚ್ಚುತ್ತಿದ್ದ ಕಾಲ. ದಿನದಿನದ ಆಹಾರವನ್ನು ಬಡ ವಿಧವೆಯರಿಗೆ ಹಂಚಲಾಗುತ್ತಿತ್ತು. ಆ ಸಭೆಯಲ್ಲಿ ಎರಡು ಭಾಷೆಯವರಿದ್ದರು: ಅಲ್ಲಿನ ನಾಡಮಾತನ್ನಾಡುವ ಯೆಹೂದ್ಯರು ಮತ್ತು ಗ್ರೀಕ್ ಮಾತಾಡುವ ಯೆಹೂದ್ಯರು. ತಮ್ಮ ವಿಧವೆಯರನ್ನು ಹಂಚಿಕೆಯಲ್ಲಿ ಮರೆಯಲಾಗುತ್ತಿದೆ ಎಂದು ಗ್ರೀಕ್ ಮಾತಿನವರು ಗೊಣಗಿದರು. ಆದಿಸಭೆಯ ಮೊದಮೊದಲ ಒಳಜಗಳಗಳಲ್ಲೊಂದು ಹೀಗೆ ಭಾಷೆಯ ಅಲ್ಪಸಂಖ್ಯಾತರ ದೂರಾಗಿತ್ತೆಂಬುದು ಗಡಿನಾಡಿನ ನಮಗೆ ಬೇಗ ಅರ್ಥವಾಗುತ್ತದೆ.

ಆಗ ಹನ್ನೆರಡು ಮಂದಿ ಅಪೊಸ್ತಲರು ಏನು ಮಾಡಿದರು? ಗೊಣಗುವವರನ್ನು ಗದರಿಸಲಿಲ್ಲ, ಒಗ್ಗಟ್ಟು ಮುರಿಯುತ್ತಿದ್ದೀರೆಂದು ಆಪಾದಿಸಲೂ ಇಲ್ಲ. ಎಲ್ಲರನ್ನೂ ಕರೆಸಿ, ಹಂಚಿಕೆಯನ್ನೂ ಬೋಧನೆಯನ್ನೂ ತಾವೇ ಮಾಡಲಾಗದೆಂದು ಒಪ್ಪಿಕೊಂಡರು. ಒಳ್ಳೆಯ ಹೆಸರುಳ್ಳ ಏಳು ಮಂದಿಯನ್ನು ನೀವೇ ಆರಿಸಿರಿ ಎಂದರು. ಜನರು ಆರಿಸಿದವರು ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೆನ, ನಿಕೊಲಾಯ. ಈ ಏಳೂ ಗ್ರೀಕ್ ಹೆಸರುಗಳು. ಯಾರಿಗೆ ಅನ್ಯಾಯವಾಯಿತೋ ಅವರ ಕಡೆಯವರ ಕೈಗೇ ಹಂಚುವ ಸೌಟನ್ನು ಕೊಟ್ಟಂತಾಯಿತು.

ಕೂಟವನ್ನು ನಡೆಸುವವನು ಕಲಿಯಬೇಕಾದ ಮೂರು ಸಂಗತಿಗಳು ಈ ಒಂದು ವೃತ್ತಾಂತದಲ್ಲಿಯೇ ಇವೆ. ದೂರನ್ನು ದ್ರೋಹವೆಂದು ಭಾವಿಸಬಾರದು. ಎಲ್ಲ ಕೆಲಸವನ್ನೂ ತಾನೇ ಹಿಡಿದಿಟ್ಟುಕೊಳ್ಳಬಾರದು. ಹಂಚಿಕೊಡುವಾಗ ತನಗೆ ಬೇಕಾದವರನ್ನು ತಾನೇ ನೇಮಿಸದೆ ಕೂಟಕ್ಕೆ ಆರಿಸಲು ಬಿಡಬೇಕು.

ಭಾಷೆಯ ವಿಷಯದಲ್ಲಿ ಇನ್ನೊಂದು ಮಾತು. ಈ ಸೀಮೆಯಲ್ಲಿ ಕನ್ನಡದ ಪ್ರಾರ್ಥನೆ ಹೊಸತಲ್ಲ. ನಮ್ಮ ಸೀಮೆ ಹಿಂದೆ ಸೇರಿದ್ದ ಅನಂತಪುರ ಜಿಲ್ಲೆ 1882ರವರೆಗೆ ಬಳ್ಳಾರಿ ಜಿಲ್ಲೆಯ ಭಾಗವೇ ಆಗಿತ್ತು. ಆ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು ಕನ್ನಡವನ್ನು ಕಲಿತು ಬೈಬಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿದರು. ಜನರನ್ನು ಮುಟ್ಟಬೇಕಾದರೆ ಅವರ ಮಾತನ್ನು ಕಲಿಯಬೇಕೆಂಬುದು ಅವರಿಗೆ ತಿಳಿದಿತ್ತು. ಇಂದು ಒಂದೇ ಮರದಡಿ ಕೂಡುವವರಲ್ಲಿ ನಾಲ್ವರು ಕನ್ನಡದವರಿದ್ದರೆ ವಾರಕ್ಕೊಮ್ಮೆಯಾದರೂ ವಚನವನ್ನು ಕನ್ನಡದಲ್ಲಿ ಓದಿಸಬಾರದೇ? ಹಾಗೆಯೇ ಕನ್ನಡದವರು ಹೆಚ್ಚಾಗಿರುವ ಕಡೆ ತೆಲುಗಿನವರಿಗೂ ಅದೇ ಮರ್ಯಾದೆ ಸಲ್ಲಬೇಕು.

ಎರಡು ಅಧಿಕಾರ ಒಂದೇ ಕೈಯಲ್ಲಿದ್ದರೆ

ದುಡಿಮೆ ಮತ್ತು ಪ್ರಾರ್ಥನೆ ಒಂದೇ ಚಾವಣಿಯಡಿ ಬಂದಾಗ ಏನಾಗುತ್ತದೆಂಬುದಕ್ಕೆ ಕನ್ನಡ ನಾಡಿನಲ್ಲೊಂದು ದೊಡ್ಡ ನಿದರ್ಶನವಿದೆ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. 1841ರಲ್ಲಿ ಮುದ್ರಣಾಲಯ ಹೂಡಿದರು. ಕ್ರೈಸ್ತಮತಕ್ಕೆ ಸೇರಿದವರು ಕುಲದಿಂದ ಹೊರಬಿದ್ದು, ಮನೆ ಆಸ್ತಿ ಕಸುಬು ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದ ಕಾಲವದು. ಮತಾಂತರದ ಕಾರಣಕ್ಕೆ ಆಸ್ತಿಯ ಹಕ್ಕು ಹೋಗದೆಂದು ಕಾನೂನಾದದ್ದು 1850ರಲ್ಲಿ. ಕಾನೂನಾದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲವಷ್ಟೆ. ಆದುದರಿಂದ ಮಿಷನ್ನಿನವರು ನೇಯ್ಗೆಯ ಕಾರ್ಖಾನೆ ತೆರೆದರು. ಅಲ್ಲಿಗೆ ಬಂದ ಹಾಲರ್ ಎಂಬ ನೇಕಾರರು ಖಾಕಿ ಬಣ್ಣದ ಬಟ್ಟೆಗೆ ಹೆಸರಾದರು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಮಂಗಳೂರು ಹೆಂಚು ನಾಡಿನಾದ್ಯಂತ ಮನೆಗಳ ಮೇಲೇರಿತು.

ಅನ್ನವಿಲ್ಲದವರಿಗೆ ಅನ್ನವನ್ನೂ ಕಸುಬನ್ನೂ ಕೊಟ್ಟದ್ದು ಅವರ ಉಪಕಾರ. ಅದೇ ವೇಳೆ ಒಂದು ಇಕ್ಕಟ್ಟೂ ಹುಟ್ಟಿತು. ಸಂಬಳ ಕೊಡುವವರೂ ಸಭೆಯನ್ನು ನಡೆಸುವವರೂ ಒಂದೇ ಮಿಷನ್ನಿಗೆ ಸೇರಿದವರು. ಕಾರ್ಮಿಕನು ಪ್ರಾರ್ಥನೆಗೆ ಬಂದರೆ ಅದು ಭಕ್ತಿಯೋ ಕೆಲಸದ ಭಯವೋ ಎಂದು ಯಾರು ಬಿಡಿಸಿ ಹೇಳಬಲ್ಲರು? ವ್ಯಾಪಾರವು ಮಿಷನ್ನಿನ ಮೂಲ ಉದ್ದೇಶಕ್ಕೆ ತೊಡಕಾಗದೇ ಎಂಬ ಚರ್ಚೆ ಅವರೊಳಗೇ ನಡೆಯಿತು. 1859ರಲ್ಲಿ ವ್ಯಾಪಾರಕ್ಕೆಂದೇ ಪ್ರತ್ಯೇಕ ಕಂಪನಿಯೊಂದು ಬಾಸೆಲಿನಲ್ಲಿ ಸ್ಥಾಪಿತವಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಇಲ್ಲಿಂದ ಹೊರಡಬೇಕಾಯಿತು, ಕಾರ್ಖಾನೆಗಳು ಬೇರೆಯವರ ಕೈಸೇರಿದವು. ಸಭೆ ಮಾತ್ರ ಉಳಿಯಿತು. ಸಂಬಳ ಕೊಡುತ್ತಿದ್ದ ಕೈ ಇಲ್ಲವಾದ ಮೇಲೂ ಜನರು ಪ್ರಾರ್ಥನೆಗೆ ಕೂಡಿದರೆಂಬುದೇ ಅವರ ವಿಶ್ವಾಸಕ್ಕೆ ಸಾಕ್ಷಿ.

ನಮ್ಮ ಊಟದ ಬಿಡುವಿನ ಕೂಟಕ್ಕೂ ಈ ಪಾಠ ಅನ್ವಯಿಸುತ್ತದೆ. ಮೇಲಧಿಕಾರಿಯಾದವನು ಕೂಟಕ್ಕೆ ಬರಬಾರದೆಂದು ನಾನು ಹೇಳುವುದಿಲ್ಲ. ಅವನಿಗೂ ಪ್ರಾರ್ಥನೆ ಬೇಕು. ಆದರೆ ಕೂಟವನ್ನು ನಡೆಸುವ ಹೊಣೆ, ಆದಷ್ಟು ಮಟ್ಟಿಗೆ, ಯಾರ ಹಾಜರಿಯನ್ನೂ ಬರೆಯದವರ ಮೇಲಿರುವುದು ಲೇಸು. ಅಧಿಕಾರಿಯೇ ನಡೆಸಬೇಕಾಗಿ ಬಂದರೆ, ಕೂಟಕ್ಕೆ ಬರುವವರಿಗೂ ಬಾರದವರಿಗೂ ಪಾಳಿ, ರಜೆ, ಓವರ್‌ಟೈಮಿನಲ್ಲಿ ಎಳ್ಳಷ್ಟೂ ಭೇದವಿಲ್ಲವೆಂಬುದು ಎಲ್ಲರ ಕಣ್ಣಿಗೆ ಕಾಣುವಂತಿರಬೇಕು.

ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಇಬ್ಬರು ಶಿಷ್ಯರು ಯೇಸುವಿನ ಎಡಬಲದ ಆಸನಗಳನ್ನು ಬೇಡುತ್ತಾರೆ. ಲೋಕದ ಅಧಿಪತಿಗಳು ಜನರ ಮೇಲೆ ದೊರೆತನ ನಡೆಸುತ್ತಾರೆ, ನಿಮ್ಮಲ್ಲಿ ಹಾಗಿರಬಾರದು, ದೊಡ್ಡವನಾಗಬೇಕೆನ್ನುವವನು ಸೇವಕನಾಗಲಿ ಎಂಬುದು ಆಗ ಅವರಿಗೆ ದೊರೆತ ಉತ್ತರದ ಸಾರ. ಯೋಹಾನನ ಸುವಾರ್ತೆಯಲ್ಲಿ ಗುರುವೇ ಬೋಗುಣಿಯಲ್ಲಿ ನೀರು ತುಂಬಿ, ಸೊಂಟಕ್ಕೆ ಬಟ್ಟೆ ಕಟ್ಟಿ ಶಿಷ್ಯರ ಕಾಲು ತೊಳೆಯುತ್ತಾನೆ. ಇದನ್ನು ವರ್ಷಕ್ಕೊಮ್ಮೆ ದೇವಾಲಯದಲ್ಲಿ ಓದಿ ಕೇಳುವುದು ಸುಲಭ. ಕೂಟ ಮುಗಿದ ಮೇಲೆ ಚಾಪೆ ಮಡಿಸಿ ಕಸ ಗುಡಿಸುವವರು ಯಾರು ಎಂದು ನೋಡಿದರೆ ಅದನ್ನು ಕೇಳಿಸಿಕೊಂಡವರು ಯಾರೆಂಬುದು ತಿಳಿಯುತ್ತದೆ.

ಕಾಣಿಕೆಯ ಲೆಕ್ಕ

ಸಣ್ಣ ಕೂಟಗಳು ಮುರಿಯುವುದು ವೇದಾಂತದ ಭಿನ್ನಾಭಿಪ್ರಾಯದಿಂದಲ್ಲ, ಬಹುಮಟ್ಟಿಗೆ ಹಣದಿಂದ. ಅಪೊಸ್ತಲನಾದ ಪೌಲನು ಯೆರೂಸಲೇಮಿನ ಬಡವರಿಗೆಂದು ಹಲವು ಸಭೆಗಳಿಂದ ಹಣ ಸಂಗ್ರಹಿಸಿದ್ದನು. ಅದನ್ನು ಒಯ್ಯುವಾಗ ಸಭೆಗಳೇ ನೇಮಿಸಿದ ಬೇರೆ ಸಹೋದರನನ್ನೂ ಜೊತೆಗಿಟ್ಟುಕೊಂಡನು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸಲು ಆಸ್ಪದವಿರಬಾರದು, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂಬ ಅರ್ಥದಲ್ಲಿ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಅವನು ಕಾರಣವನ್ನೂ ಹೇಳಿದ್ದಾನೆ. ಪೌಲನಂಥವನೇ ತನ್ನನ್ನು ಸುಮ್ಮನೆ ನಂಬಿರೆಂದು ಕೇಳಲಿಲ್ಲ. ದೇವರಿಗೆ ಗೊತ್ತು ಎನ್ನುವ ಮಾತು ಲೆಕ್ಕದ ಪುಸ್ತಕಕ್ಕೆ ಬದಲಾಗದು.

ನನ್ನ ಸಲಹೆ ಸರಳವಾದುದು. ಹಣ ಹಿಡಿಯುವವರು ಒಬ್ಬರು, ಬರೆಯುವವರು ಇನ್ನೊಬ್ಬರು ಆಗಿರಲಿ. ಕೊಟ್ಟಾಗ ಪಡೆದವರ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಇರಲಿ. ತಿಂಗಳಿಗೊಮ್ಮೆ ಲೆಕ್ಕವನ್ನು ಎಲ್ಲರೆದುರು ಓದಲಿ. ಯಾರಿಗೆ ನೆರವು ಎಂಬುದನ್ನು ಮೂವರಾದರೂ ಕುಳಿತು ನಿರ್ಣಯಿಸಲಿ. ಕೂಟದ ಹಣವನ್ನು ಬಡ್ಡಿಗೆ ಬಿಡುವುದಾಗಲಿ ಚೀಟಿ ನಡೆಸುವುದಾಗಲಿ ಬೇಡವೇ ಬೇಡ. ಅದು ಬೇರೆಯೇ ಕಾನೂನಿನ ಕಟ್ಟಳೆಗಳಿಗೆ ಒಳಪಟ್ಟ ವ್ಯವಹಾರ. ಮೊತ್ತ ದೊಡ್ಡದಾಗುತ್ತ ಹೋದರೆ ಸಂಘವನ್ನು ಕಾನೂನುಬದ್ಧವಾಗಿ ನೋಂದಾಯಿಸಿ ಬ್ಯಾಂಕಿನ ಖಾತೆ ತೆರೆಯುವುದು ಕ್ಷೇಮ.

ಹೊಣೆ ಹಂಚುವುದಕ್ಕೆ ಹಳೆಯ ಒಡಂಬಡಿಕೆಯಲ್ಲಿಯೂ ಮಾದರಿಯುಂಟು. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದ ಮೋಶೆಗೆ, ಹೀಗಾದರೆ ನೀನೂ ಜನರೂ ಬಳಲಿಹೋಗುವಿರಿ ಎಂದು ಬುದ್ಧಿ ಹೇಳಿದವನು ಅವನ ಮಾವನಾದ ಇತ್ರೋ. ಅವನು ಮಿದ್ಯಾನಿನ ಯಾಜಕ, ಇಸ್ರಾಯೇಲ್ಯನಲ್ಲ. ಹೊರಗಿನವನ ಮಾತೆಂದು ಮೋಶೆ ತಳ್ಳಿಹಾಕದೆ ಹತ್ತು, ಐವತ್ತು, ನೂರು, ಸಾವಿರ ಮಂದಿಗೊಬ್ಬೊಬ್ಬ ಮುಖ್ಯಸ್ಥನನ್ನು ನೇಮಿಸಿದನು.

ಗುಟ್ಟು ಮತ್ತು ದೂರು

ಪ್ರಾರ್ಥನೆಗೆಂದು ಹೇಳಿದ ಮಾತು ಸಂಜೆಯೊಳಗೆ ಇಡೀ ಕಾರ್ಖಾನೆಯ ಮಾತಾಗುವುದುಂಟು. ತನ್ನ ಮಗಳ ಸಂಸಾರದ ಕಷ್ಟವನ್ನು ಕಣ್ಣೀರಿಟ್ಟು ಹೇಳಿಕೊಂಡ ತಾಯಿ ಮರುದಿನ ಬಸ್ಸಿನಲ್ಲಿ ಅದನ್ನೇ ಬೇರೆಯವರ ಬಾಯಿಂದ ಕೇಳಿದರೆ ಮತ್ತೆಂದಾದರೂ ಬಾಯಿ ಬಿಡುವಳೇ? ವಕೀಲನು ಕಕ್ಷಿದಾರನ ಗುಟ್ಟನ್ನು ಕಾಯಬೇಕೆಂದು ಕಾನೂನೇ ವಿಧಿಸಿದೆ. ಕೂಟದ ಮುಂದಾಳಿಗೆ ಅಂಥ ಕಾನೂನಿಲ್ಲದಿದ್ದರೂ ಧರ್ಮವುಂಟು. ಕೇಳಿದ್ದನ್ನು ಮೇಲಧಿಕಾರಿಯ ಕಿವಿಗೆ ಹಾಕುವುದಂತೂ ವಿಶ್ವಾಸಘಾತವೇ ಸರಿ.

ಒಬ್ಬರ ಮೇಲೊಬ್ಬರಿಗೆ ದೂರಿದ್ದರೆ ಏನು ಮಾಡಬೇಕೆಂಬ ಕ್ರಮವನ್ನು ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯ ತಿಳಿಸುತ್ತದೆ. ಮೊದಲು ತಪ್ಪು ಮಾಡಿದವನೊಡನೆ ಒಬ್ಬನೇ ಮಾತಾಡಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಬೇಕು. ಹಿರಿಯರ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಅಂಗೀಕರಿಸಬಾರದೆಂದು ತಿಮೊಥೆಯನಿಗೆ ಬರೆದ ಮೊದಲ ಪತ್ರ ವಿಧಿಸುತ್ತದೆ. ಸಾಬೀತಾದರೆ ಅದನ್ನು ಮುಚ್ಚಿಡಬಾರದೆಂದೂ ಹೇಳುತ್ತದೆ. ಎದುರು ಪಕ್ಷದ ಮಾತನ್ನು ಕೇಳದೆ ತೀರ್ಪು ಕೊಡಬಾರದೆಂದು ನಾವು ನ್ಯಾಯಾಲಯದಲ್ಲಿ ವಾದಿಸುವುದೂ ಇದನ್ನೇ.

ಕಾನೂನು ಏನು ಹೇಳುತ್ತದೆ?

ಸಂವಿಧಾನದ 25ನೆಯ ವಿಧಿ ಎಲ್ಲರಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನೂ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯ ಇವುಗಳಿಗೆ ಆ ಹಕ್ಕು ಒಳಪಟ್ಟಿದೆ. ಪ್ರಚಾರವೆಂದರೆ ತನ್ನ ಧರ್ಮದ ತತ್ತ್ವಗಳನ್ನು ವಿವರಿಸುವುದೇ ಹೊರತು ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ಸ್ಟ್ಯಾನಿಸ್ಲಾಸ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಕೂಟಕ್ಕೆ ಬಾರದಿರುವುದೂ ಅಂತಃಸಾಕ್ಷಿಯ ಸ್ವಾತಂತ್ರ್ಯವೇ. ಆದುದರಿಂದ ಸಹೋದ್ಯೋಗಿಯನ್ನು ಒಮ್ಮೆ ವಿನಯದಿಂದ ಕರೆಯಬಹುದು. ಬೇಡವೆಂದವರನ್ನು ಮತ್ತೆ ಮತ್ತೆ ಒತ್ತಾಯಿಸಬಾರದು. ನೆರವಿನ ಹಣವನ್ನು ಆಮಿಷವಾಗಿ ಬಳಸುವುದಂತೂ ಕಾನೂನಿಗೂ ಸುವಾರ್ತೆಗೂ ದೂರವಾದುದು.

ಸ್ಥಳ ಮಾಲೀಕರದು, ಆದುದರಿಂದ ಅವರ ಅನುಮತಿ ಬೇಕು. ಬಿಡುವಿನ ವೇಳೆ ಕಾರ್ಮಿಕರದು. ಐದು ತಾಸಿನ ದುಡಿಮೆಯ ನಂತರ ಅರ್ಧ ತಾಸಾದರೂ ವಿಶ್ರಾಂತಿ ಇರಬೇಕೆಂದು 1948ರ ಕಾರ್ಖಾನೆ ಅಧಿನಿಯಮ ವಿಧಿಸಿತು. ಆ ಅರ್ಧ ತಾಸಿನಲ್ಲಿ ಊಟವೂ ಆಗಬೇಕು, ಕಾಲು ಚಾಚಿ ಕೂರಬೇಕು. ದೀರ್ಘ ಪ್ರಸಂಗ ಮಾಡುವ ಮುಂದಾಳು ದಣಿದವರ ವಿಶ್ರಾಂತಿಯನ್ನು ಕಸಿದುಕೊಂಡಂತೆಯೇ. ಗಂಟೆ ಬಾರಿಸುವ ಮುನ್ನ ಮುಗಿಸಿ, ಎಲ್ಲರಿಗಿಂತ ಮೊದಲು ತನ್ನ ಕೆಲಸಕ್ಕೆ ಹೋಗುವುದು ಅವನಿಗೆ ಭೂಷಣ.

ಶಾಲೆಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದೆಂದು 28ನೆಯ ವಿಧಿ ಹೇಳುತ್ತದೆ. ಮಾನ್ಯತೆ ಅಥವಾ ಧನಸಹಾಯ ಪಡೆದ ಇತರ ಶಾಲೆಗಳಲ್ಲಿಯೂ ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಅಂಥ ಬೋಧನೆಗಾಗಲಿ ಆರಾಧನೆಗಾಗಲಿ ಸೇರಿಸಿಕೊಳ್ಳುವಂತಿಲ್ಲ. ಶಿಕ್ಷಕರ ಕೂಟ ಶಿಕ್ಷಕರದಾಗಿಯೇ ಇರಲಿ. ಎಲ್ಲ ಧರ್ಮದ ಶಿಕ್ಷಕರಿಗೂ ಈ ಮಾತು ಸಲ್ಲುತ್ತದೆ.

ಕಲ್ಯಾಣದುರ್ಗದ ದಾರಿಯಲ್ಲಿ

ವಿಶ್ವಾಸದಿಂದ ಪ್ರೇರಿತನಾದವನು ಅದನ್ನು ಇನ್ನೊಬ್ಬರ ಮೇಲೆ ಹೇರದೆ ಹೇಗೆ ದುಡಿಯಬಹುದೆಂಬುದಕ್ಕೆ ನಮ್ಮ ಪಕ್ಕದಲ್ಲಿಯೇ ಉದಾಹರಣೆಯಿದೆ. ಸ್ಪೇನ್ ದೇಶದಿಂದ ಯೇಸುಸಭೆಯ ಸದಸ್ಯರಾಗಿ ಭಾರತಕ್ಕೆ ಬಂದ ವಿನ್ಸೆಂಟ್ ಫೆರರ್ ಅವರು 1969ರಲ್ಲಿ ಅನಂತಪುರದಲ್ಲಿ ನೆಲೆಸಿದರು. ಬಳಿಕ ಆ ಸಂನ್ಯಾಸಿ ಸಂಘವನ್ನು ತೊರೆದರು, ಬಡವರನ್ನು ತೊರೆಯಲಿಲ್ಲ. ಅವರು ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಎಂಬ ಸಂಸ್ಥೆ ಮತಪ್ರಚಾರದ ಸಂಸ್ಥೆಯಲ್ಲ. ಕಲ್ಯಾಣದುರ್ಗದಲ್ಲಿರುವ ಅದರ ಆಸ್ಪತ್ರೆಗೆ ಸುತ್ತಲಿನ ಹಳ್ಳಿಗಳ ಜನರು ಜಾತಿ ಮತದ ಯೋಚನೆಯಿಲ್ಲದೆ ಹೋಗುತ್ತಾರೆ. 2009ರಲ್ಲಿ ಫೆರರ್ ಅವರು ಅನಂತಪುರದಲ್ಲಿಯೇ ತೀರಿಕೊಂಡಾಗ ಎಲ್ಲ ಮತದ ಬಡವರೂ ಅವರಿಗಾಗಿ ಕಣ್ಣೀರಿಟ್ಟರು. ಸೇವಕನಾಗುವುದು ಎಂಬ ಮಾತಿಗೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಹತ್ತಿರದ ವ್ಯಾಖ್ಯಾನ ನನಗೆ ತಿಳಿಯದು.

ಕಡೆಯ ಮಾತು

ಆ ಸೂಪರ್‌ವೈಸರ್ ಅವರ ನೋಟೀಸನ್ನು ನಾನು ಬರೆಯಲಿಲ್ಲ. ಎರಡು ವಾರಗಳ ನಂತರ ಅವರು ಕೂಟದ ಮುಂದೆ ಡೈರಿಯನ್ನು ಇಟ್ಟು ಓದಿದರಂತೆ. ಹಣದಲ್ಲಿ ಕೊರತೆಯಿರಲಿಲ್ಲ. ಆದರೆ ಓದುತ್ತ ಹೋದಂತೆ, ಆರು ವರ್ಷಗಳಲ್ಲಿ ನೆರವು ಪಡೆದವರ ಪಟ್ಟಿಯಲ್ಲಿ ಒಂದೂ ಕನ್ನಡದ ಮನೆಯ ಹೆಸರಿಲ್ಲವೆಂಬುದು ಅವರಿಗೇ ಮೊದಲು ಗೊತ್ತಾಯಿತಂತೆ. ಎಲ್ಲರೆದುರು ಕ್ಷಮೆ ಕೇಳಿ ನಡೆಸುವ ಹೊಣೆಯನ್ನು ಬಿಟ್ಟುಕೊಟ್ಟರು. ಈಗ ಲೆಕ್ಕ ಬರೆಯುತ್ತಿರುವವರು ನನ್ನ ಬಳಿ ಬಂದಿದ್ದ ಮೂವರು ಹೆಂಗಸರಲ್ಲಿ ಒಬ್ಬರು. ಅವರೂ ಕನ್ನಡ ಮಾಧ್ಯಮದಲ್ಲಿ ಓದಿದವರೇ. ಅಂಕಿಗಳ ಕೆಳಗೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಹೆಸರು ಬರೆಯುತ್ತಾರೆ. ಗಂಡನ ಶಸ್ತ್ರಚಿಕಿತ್ಸೆಗೆ ನೆರವು ಕೇಳಿದಾಕೆ ಮಾತ್ರ ಕೂಟಕ್ಕೆ ಹಿಂದಿರುಗಲಿಲ್ಲ. ಒಡೆದ ಮನಸ್ಸನ್ನು ಕೂಡಿಸಲು ಲೆಕ್ಕದ ಪುಸ್ತಕಕ್ಕೂ ಸಾಧ್ಯವಿಲ್ಲ. ಒಡೆಯದಂತೆ ಮಾತ್ರ ಅದು ಕಾಯಬಲ್ಲುದು.

ಈ ಪತ್ರಿಕೆಯ ವಾಚಕರಲ್ಲಿ ಕ್ರೈಸ್ತರು ಕೆಲವರೇ ಇರಬಹುದು. ಆದರೆ ಭಜನಾ ಮಂಡಳಿ, ಮಹಿಳಾ ಸಂಘ, ಶಾಲೆಯ ಪಾಲಕರ ಸಮಿತಿ, ಹೀಗೆ ಯಾವುದಾದರೊಂದು ಕೂಟಕ್ಕೆ ನಮ್ಮಲ್ಲಿ ಬಹುಮಂದಿ ಸೇರಿದವರೇ. ಬೇರೆ ಭಾಷೆಯವರ ನಡುವೆ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಪಾಠ ದೊರೆಯಲೆಂದು ನಾವು ಕೇಳುತ್ತೇವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ರಾಜ್ಯಗಳು ಸೌಕರ್ಯ ಒದಗಿಸಲು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿಯೂ ಹೇಳುತ್ತದೆ. ಅಲ್ಪರ ದನಿಯನ್ನು ಕೇಳಿರೆಂದು ಸರ್ಕಾರವನ್ನು ಕೇಳುವ ನಾವು, ನಮ್ಮ ನಮ್ಮ ಕೂಟಗಳಲ್ಲಿ ಅಲ್ಪರಾಗಿರುವವರ ದನಿಯನ್ನು ಕೇಳುತ್ತಿದ್ದೇವೆಯೇ? ಮುಂದಿನ ಸಲ ಕೂಡಿದಾಗ, ಎಲ್ಲರ ಹಿಂದೆ ಕುಳಿತು ಮಾತಾಡದೆ ಎದ್ದುಹೋಗುವವರ ಬಳಿಗೆ ಹೋಗಿ, ಅವರ ಮಾತಿನಲ್ಲಿಯೇ ಅವರ ಕಷ್ಟವೇನೆಂದು ವಿಚಾರಿಸೋಣ.